ಫಾರಂ ಆಮೇಲೆ ತುಂಬಿ, ಮೊದಲು ಎಐಎಸ್ ಓದಿ

ಜೂನ್ ಮುಗಿಯುತ್ತಿದ್ದ ಹಾಗೆ ಶುರುವಾಗುತ್ತದೆ ನೋಡಿ. ಆಫೀಸಿನಿಂದ ಫಾರಂ 16, ಅಂದರೆ ಸಂಬಳ ಮತ್ತು ಅದರಲ್ಲಿ ಹಿಡಿದ ತೆರಿಗೆಯ ಸರ್ಟಿಫಿಕೇಟ್, ಬರುತ್ತದೆ. ಸಂಜೆ ಕೂತು ಆದಾಯ ತೆರಿಗೆ ಪೋರ್ಟಲ್ ತೆರೆಯುತ್ತಾರೆ, ಮೊದಲೇ ತುಂಬಿ ಬಂದ ಅಂಕಿಗಳಿಗೆಲ್ಲ ಕನ್ಫರ್ಮ್ ಕನ್ಫರ್ಮ್ ಅಂತ ಒತ್ತುತ್ತಾರೆ, ಹತ್ತು ನಿಮಿಷಕ್ಕೆ ಕೆಲಸ ಮುಗೀತು ಅಂತ ಖುಷಿಪಡುತ್ತಾರೆ. ಕೆಲವು ತಿಂಗಳ ಮೇಲೆ ಇಲಾಖೆಯಿಂದ ಮೇಲ್ ಬಂದಾಗ ‘ಸಾರ್, ಎಲ್ಲಾ ಸರಿಯಾಗೇ ಹಾಕಿದ್ನಲ್ಲ’ ಎನ್ನುತ್ತಾರೆ. ಹಾಕಿದ್ದು ಸರಿಯೇ. ಬಿಟ್ಟಿದ್ದು ತಪ್ಪು. ಬಿಟ್ಟಿದ್ದರಲ್ಲಿ ಬಹುಪಾಲು ಕಾಣುವುದು ಎಐಎಸ್‌ನಲ್ಲಿ, ಅಂದರೆ ಇಲಾಖೆಯ ಹತ್ತಿರ ಇರುವ ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ.

ಇಲ್ಲಿ ಹೇಳುತ್ತಿರುವುದು 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಆದಾಯದ ರಿಟರ್ನ್ ಬಗ್ಗೆ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದರೂ ಈ ಆದಾಯಕ್ಕೆ 1961ರ ಹಳೆಯ ಕಾಯ್ದೆಯೇ ಲೆಕ್ಕ. ಇನ್ನೊಂದು ಮಾತು. ‘12 ಲಕ್ಷದವರೆಗೆ ಟ್ಯಾಕ್ಸ್ ಇಲ್ವಲ್ಲ, ರಿಟರ್ನ್ ಯಾಕೆ’ ಎಂದು ಸುಮ್ಮನಾದವರು ಬಹಳ ಜನ. 12 ಲಕ್ಷ ಎನ್ನುವುದು ಹೊಸ ತೆರಿಗೆ ಪದ್ಧತಿಯಲ್ಲಿ ಸಿಗುವ ರಿಯಾಯಿತಿಯ ಮಿತಿ, ಅಷ್ಟೇ. ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಸಲ್ಲಿಸಲೇಬೇಕು. ಷೇರು, ಮ್ಯೂಚುವಲ್ ಫಂಡ್ ಮಾರಿ ಬಂದ, ವಿಶೇಷ ದರದ ತೆರಿಗೆ ಬೀಳುವ ಲಾಭಕ್ಕೆ ಆ ರಿಯಾಯಿತಿ ಅನ್ವಯಿಸುವುದೂ ಇಲ್ಲ.

1. ಮೊದಲು ಪ್ರೊಫೈಲ್ ನೋಡಿ

ಪೋರ್ಟಲ್‌ನಲ್ಲಿ ಇರುವ ಮೊಬೈಲ್ ನಂಬರ್, ಇಮೇಲ್ ನಿಮ್ಮದೇನಾ? ಸೈಬರ್ ಸೆಂಟರ್‌ನಲ್ಲಿ ಅಥವಾ ಏಜೆಂಟ್ ಹತ್ತಿರ ಮಾಡಿಸಿದವರದ್ದರಲ್ಲಿ ಎಷ್ಟೋ ಸಲ ಅವರ ನಂಬರೇ ಇರುತ್ತದೆ. ಇಲಾಖೆಯ ನೋಟಿಸ್ ಅವರಿಗೆ ಹೋಗುತ್ತದೆ, ನಿಮಗೆ ಗೊತ್ತಾಗುವುದು ದಂಡ ಬಿದ್ದ ಮೇಲೆ. ಇದನ್ನು ಇವತ್ತೇ ಬದಲಿಸಿ.

ಬ್ಯಾಂಕ್ ಖಾತೆಯದ್ದೂ ಹಾಗೆಯೇ. ರಿಫಂಡ್ ಬರಬೇಕಾದರೆ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿರಬೇಕು. ನಮ್ಮ ರಾಜ್ಯದಲ್ಲಿ ಹುಟ್ಟಿದ ಮೂರು ಬ್ಯಾಂಕುಗಳು ಬೇರೆ ಬ್ಯಾಂಕಿನಲ್ಲಿ ಸೇರಿಹೋದವಲ್ಲ: ವಿಜಯಾ ಬ್ಯಾಂಕ್ ಬರೋಡಾಕ್ಕೆ, ಸಿಂಡಿಕೇಟ್ ಕೆನರಾಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಆಗ ಐಎಫ್‌ಎಸ್‌ಸಿ ಕೋಡ್ ಬದಲಾಯಿತು. ಹಳೆಯ ಚೆಕ್ ಬುಕ್ ನೋಡಿಕೊಂಡು ಹಳೆಯ ಕೋಡನ್ನೇ ಹಾಕಿ, ರಿಫಂಡ್ ಬರಲಿಲ್ಲ ಎಂದು ಕಾಯುತ್ತಾ ಕೂರುವ ಹಿರಿಯರು ಈಗಲೂ ಇದ್ದಾರೆ.

2. ಕಾಗದ ಜೋಡಿಸಿ

ಫಾರಂ 16, ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟ್, ಡಿಮ್ಯಾಟ್‌ನ ಲಾಭ–ನಷ್ಟದ ಪಟ್ಟಿ, ಪಾಸ್‌ಬುಕ್. ಜೂನ್ 15ಕ್ಕೆ ಮೊದಲು ರಿಟರ್ನ್ ಹಾಕಲು ಆತುರಪಡಬೇಡಿ. ಮಾರ್ಚ್‌ಗೆ ಮುಗಿದ ತ್ರೈಮಾಸಿಕದ ಟಿಡಿಎಸ್ (ನಿಮಗೆ ದುಡ್ಡು ಕೊಡುವಾಗಲೇ ಹಿಡಿದ ತೆರಿಗೆ) ವಿವರ ಸಲ್ಲಿಸಲು ಕಂಪನಿಗಳಿಗೆ, ಬ್ಯಾಂಕುಗಳಿಗೆ ಮೇ 31ರವರೆಗೆ ಸಮಯ ಇರುತ್ತದೆ. ಅದಕ್ಕೂ ಮೊದಲು ನಿಮಗೆ ಕಾಣುವುದು ಅರ್ಧ ಲೆಕ್ಕ.

3. ಎಐಎಸ್ ಜೊತೆ ತಾಳೆ ನೋಡಿ

ಜನ ಹಾರಿಸಿಬಿಡುವ ಹಂತ ಇದು. ನನ್ನ ಪ್ರಕಾರ ಅರ್ಧ ಭಾನುವಾರ ಇದಕ್ಕೇ ಎತ್ತಿಡಬೇಕು.

ಎಐಎಸ್ ಎಂದರೆ ವಾರ್ಷಿಕ ಮಾಹಿತಿ ಪಟ್ಟಿ. 2021ರ ನವೆಂಬರ್‌ನಲ್ಲಿ ಬಂದದ್ದು. ನಿಮ್ಮ ಪ್ಯಾನ್ ಮೇಲೆ ಬ್ಯಾಂಕು, ಕಂಪನಿ, ಮ್ಯೂಚುವಲ್ ಫಂಡ್, ಸಬ್‌ರಿಜಿಸ್ಟ್ರಾರ್ ಆಫೀಸು ಇಲಾಖೆಗೆ ಏನೇನು ಹೇಳಿವೆ ಎಂಬುದು ಅದರಲ್ಲಿರುತ್ತದೆ. ಪೋರ್ಟಲ್‌ನಿಂದ ಪಿಡಿಎಫ್ ಇಳಿಸಿಕೊಳ್ಳಿ. ಪಾಸ್‌ವರ್ಡ್ ಎಂದರೆ ಪ್ಯಾನ್ ನಂಬರ್ ಸಣ್ಣ ಅಕ್ಷರದಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ದಿನ, ತಿಂಗಳು, ವರ್ಷ. ದೊಡ್ಡ ಅಕ್ಷರದಲ್ಲಿ ಹಾಕಿ ‘ಓಪನ್ ಆಗ್ತಿಲ್ಲ’ ಎಂದು ಬಿಟ್ಟುಬಿಟ್ಟವರನ್ನು ನೋಡಿದ್ದೇನೆ. ಸಾಧ್ಯವಾದರೆ ಪ್ರಿಂಟ್ ತೆಗೆದುಕೊಳ್ಳಿ. ಪೆನ್ ಹಿಡಿದು, ಪಕ್ಕದಲ್ಲಿ ಒಂದು ಗೆರೆ ಹಾಕಿದ ನೋಟ್‌ಬುಕ್ ಇಟ್ಟುಕೊಂಡು, ಸಾಲು ಸಾಲಾಗಿ ಟಿಕ್ ಮಾಡಿ. ಮೊಬೈಲ್ ಸ್ಕ್ರೀನಿನಲ್ಲಿ ಬೆರಳಾಡಿಸಿ ಮಾಡುವ ಕೆಲಸ ಇದಲ್ಲ.

ಎಡವುವ ಜಾಗಗಳು ಹೆಚ್ಚುಕಡಿಮೆ ಇವೇ. ಮೊದಲನೆಯದು ಎಫ್‌ಡಿ ಬಡ್ಡಿ. ಮೂರು ವರ್ಷಕ್ಕೆ 10 ಲಕ್ಷ ಇಟ್ಟಿದ್ದೀರಿ, ಬಡ್ಡಿ ಅಸಲಿಗೇ ಸೇರುತ್ತಾ ಹೋಗುತ್ತದೆ, ಕೈಗೆ ಏನೂ ಬಂದಿಲ್ಲ ಎಂದುಕೊಳ್ಳಿ. ಆದರೂ ಶೇ 7ರ ದರದಲ್ಲಿ ಮೊದಲ ವರ್ಷವೇ ಸುಮಾರು 72 ಸಾವಿರ ಬಡ್ಡಿ ಆಗಿದೆ, ಬ್ಯಾಂಕು ಅದರ ಮೇಲೆ ಸುಮಾರು 7,200 ಟಿಡಿಎಸ್ ಹಿಡಿದಿದೆ. ಜನ ಏನು ಮಾಡುತ್ತಾರೆ ಗೊತ್ತಾ? 7,200ಕ್ಕೆ ಕ್ರೆಡಿಟ್ ಕೇಳುತ್ತಾರೆ, 72 ಸಾವಿರವನ್ನು ‘ಎಫ್‌ಡಿ ಮುಗಿದಾಗ ತೋರಿಸೋಣ’ ಎಂದು ಬಿಡುತ್ತಾರೆ. ಯಾವ ಬಡ್ಡಿಗೆ ಟಿಡಿಎಸ್ ಹಿಡಿದರೋ ಆ ಬಡ್ಡಿ ಅದೇ ವರ್ಷದ ಆದಾಯದಲ್ಲಿ ಇರಬೇಕು. ಇನ್ನು ಕೆಲವರು ಟಿಡಿಎಸ್ ಕಳೆದು ಉಳಿದ 64,800 ಮಾತ್ರ ಬರೆಯುತ್ತಾರೆ. ಅದೂ ತಪ್ಪು, ಪೂರ್ತಿ 72 ಸಾವಿರ ಬರೆಯಬೇಕು. ಟಿಡಿಎಸ್ ಹಿಡಿದಾಯ್ತು, ನನ್ನ ತೆರಿಗೆ ಮುಗೀತು ಎನ್ನುವುದಂತೂ ಎಲ್ಲಕ್ಕಿಂತ ದೊಡ್ಡ ಭ್ರಮೆ. ಹಿಡಿದದ್ದು ಶೇ 10, ನಿಮ್ಮ ಸ್ಲ್ಯಾಬ್ ಶೇ 30 ಇರಬಹುದು.

ಗಂಡ ಹೆಂಡತಿ ಜಂಟಿ ಖಾತೆಯಾದರೆ ಬಡ್ಡಿ ಬೀಳುವುದು ಮೊದಲ ಹೆಸರಿನವರ ಪ್ಯಾನ್‌ಗೆ. ಪಿಗ್ಮಿಗೆ ದಿನಾ ದುಡ್ಡು ಕಟ್ಟುವ ಅಂಗಡಿಯವರು ಅದರ ಬಡ್ಡಿಯನ್ನು ಆದಾಯ ಎಂದೇ ಎಣಿಸುವುದಿಲ್ಲ. ಸೊಸೈಟಿಯ ಬಡ್ಡಿ ಎಐಎಸ್‌ನಲ್ಲಿ ಕಾಣದೇ ಇರಬಹುದು. ಕಾಣದಿದ್ದರೂ ಅದು ಆದಾಯವೇ, ಎಐಎಸ್‌ನಲ್ಲಿ ಇಲ್ಲ ಎಂದರೆ ವಿನಾಯಿತಿ ಎಂದಲ್ಲ.

ಮ್ಯೂಚುವಲ್ ಫಂಡ್‌ನಲ್ಲಿ ಒಂದು ಸ್ಕೀಮಿನಿಂದ ಇನ್ನೊಂದಕ್ಕೆ ಸ್ವಿಚ್ ಮಾಡಿದ್ದೂ ಮಾರಾಟವೇ, ಕೈಗೆ ಒಂದು ರೂಪಾಯಿ ಬರದಿದ್ದರೂ. ಎಐಎಸ್ ತೋರಿಸುವ ಕೊಂಡ ಬೆಲೆಯನ್ನು ಕಣ್ಣುಮುಚ್ಚಿ ನಂಬಬೇಡಿ, ಎಷ್ಟೋ ಸಲ ಅದು ಖಾಲಿ ಇರುತ್ತದೆ. ಆಗ ಪೂರ್ತಿ ಮೊತ್ತವೇ ಲಾಭ ಎಂದಾಗಿಬಿಡುತ್ತದೆ.

ವರ್ಷದ ಮಧ್ಯೆ ಕೆಲಸ ಬದಲಿಸಿದವರು ಹುಷಾರು. ಇಬ್ಬರು ಮಾಲೀಕರೂ ತಮ್ಮ ತಮ್ಮ ಲೆಕ್ಕದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಲ್ಲಿ ನೇರವಾಗಿ ಕಳೆಯುವ ನಿಗದಿತ ಮೊತ್ತ) ಕೊಟ್ಟಿರುತ್ತಾರೆ, ಸ್ಲ್ಯಾಬ್ ಲಾಭವನ್ನೂ ಕೊಟ್ಟಿರುತ್ತಾರೆ. ಎರಡು ಫಾರಂ 16 ಕೂಡಿಸಿದಾಗ ಬಾಕಿ ಏಳುತ್ತದೆ. ಇದು ಪೋರ್ಟಲ್ ತಪ್ಪಲ್ಲ, ಕಟ್ಟಬೇಕಾದ ತೆರಿಗೆಯೇ.

ಎಐಎಸ್‌ನಲ್ಲೇ ತಪ್ಪಿದ್ದರೆ? ಒಂದೇ ವ್ಯವಹಾರ ಎರಡು ಸಲ ಬಂದಿರಬಹುದು, ಬೇರೆಯವರದ್ದು ನಿಮ್ಮ ಪ್ಯಾನ್‌ಗೆ ಅಂಟಿರಬಹುದು. ಆ ಸಾಲಿನ ಪಕ್ಕದಲ್ಲೇ ಫೀಡ್‌ಬ್ಯಾಕ್ ಕೊಡುವ ಜಾಗ ಇದೆ. ಅಲ್ಲಿ ಕಾರಣ ಆರಿಸಿ, ಸಲ್ಲಿಸಿದ ರಸೀದಿ ಇಟ್ಟುಕೊಳ್ಳಿ. ಸುಮ್ನೆ ರಿಟರ್ನ್‌ನಲ್ಲಿ ಬಿಟ್ಟುಬಿಟ್ಟರೆ ಅದನ್ನು ನೀವು ಮುಚ್ಚಿಟ್ಟಿರಿ ಎಂದೇ ಕಂಪ್ಯೂಟರ್ ತಿಳಿಯುತ್ತದೆ.

4. ಸರಿಯಾದ ಫಾರಂ

ರಿಟರ್ನ್ ಫಾರಂಗಳಿಗೆ ಐಟಿಆರ್ ಎನ್ನುತ್ತಾರೆ. ಬಹಳ ಜನಕ್ಕೆ ಅದರಲ್ಲಿ ಎಲ್ಲಕ್ಕಿಂತ ಸರಳವಾದ ಐಟಿಆರ್–1 ಎಂದರೆ ಅಷ್ಟು ಪ್ರೀತಿ. ಆದರೆ ಸಾಗರ, ಶಿರಸಿ, ಕೊಪ್ಪದ ಕಡೆ ಅಡಿಕೆ ತೋಟ ಇಟ್ಟುಕೊಂಡು ಸಂಬಳಕ್ಕೂ ಹೋಗುವವರು ಕೇಳಿ: ಕೃಷಿ ಆದಾಯ 5,000 ದಾಟಿದರೆ ಐಟಿಆರ್–1 ನಡೆಯುವುದಿಲ್ಲ, ಐಟಿಆರ್–2 ಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದರೆ ಸಂಬಳಕ್ಕೆ ಯಾವ ದರ ಎಂದು ನಿರ್ಧರಿಸುವಾಗ ಅದನ್ನು ಕೂಡಿಸಿ ನೋಡುತ್ತಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರದ್ದು ಇನ್ನೊಂದು ತಿರುವು. ತಾವೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದರೆ ಆ ಆದಾಯದಲ್ಲಿ ಶೇ 25 ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ 40.

ಬೆಂಗಳೂರಿನಲ್ಲಿ ‘ಕನ್ಸಲ್ಟೆಂಟ್’ ಎಂದು ಕೆಲಸಕ್ಕಿರುವ ಹುಡುಗರು ಇನ್ನೊಂದು ಗುಂಪು. ತಿಂಗಳು ತಿಂಗಳು ದುಡ್ಡು ಬರುತ್ತದೆ, ಹಾಗಾಗಿ ಸಂಬಳ ಎಂದುಕೊಳ್ಳುತ್ತಾರೆ. ಶೇ 10 ಹಿಡಿದಿದ್ದರೆ, 194ಜೆ (ವೃತ್ತಿ ಶುಲ್ಕದ ಟಿಡಿಎಸ್ ಕಲಂ) ಎಂದು ಬರೆದಿದ್ದರೆ, ಅದು ವೃತ್ತಿಯ ಆದಾಯ. ಐಟಿಆರ್–4 ಅಥವಾ 3 ನೋಡಿ. ಫ್ಯೂಚರ್ಸ್, ಆಪ್ಷನ್ಸ್ ಆಡಿ ಕಳೆದುಕೊಂಡವರಿಗೆ ಐಟಿಆರ್–3. ನಷ್ಟ ಆಯ್ತಲ್ಲ, ಹೇಳುವುದೇನು ಎಂದು ಬಿಡಬೇಡಿ. ಗಡುವಿನೊಳಗೆ ತೋರಿಸಿದರೆ ಮಾತ್ರ ಆ ನಷ್ಟವನ್ನು ಮುಂದಕ್ಕೆ ಒಯ್ಯಬಹುದು.

5. ಅಂಗಡಿ ಇಟ್ಟವರಿಗೆ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರಿಗೆ ನೋಟಿಸ್ ಕಳಿಸಿದ್ದು ನೆನಪಿದೆ ಅಲ್ವಾ? ಬೆಂಗಳೂರಿನಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡುಗಳು ಎದ್ದವು. ಕ್ಯೂಆರ್ ಕಿತ್ತರೆ ಏನೂ ಆಗುವುದಿಲ್ಲ. ವಹಿವಾಟು ಎಂದರೆ ಯುಪಿಐ, ನಗದು, ಕಾರ್ಡು ಎಲ್ಲವೂ ಸೇರಿದ್ದು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಬರೀ ತರಕಾರಿ, ಹಾಲಿನಂಥ ವಿನಾಯಿತಿ ಸರಕು ಮಾರಿದರೆ ನೋಂದಣಿ ಬೇಡ. ಆದರೆ ಹಾಲಿನ ಜೊತೆ ಬಿಸ್ಕತ್ತು ಇಟ್ಟಿರೋ, 40 ಲಕ್ಷದ ಲೆಕ್ಕಕ್ಕೆ ಹಾಲೂ ಸೇರುತ್ತದೆ.

ದೊಡ್ಡ ತಲೆನೋವು ಒಂದೇ ಖಾತೆ. ಅಂಗಡಿ ದುಡ್ಡು, ಭಾವ ಕೊಟ್ಟ ಸಾಲ, ಊರಿಂದ ಅಮ್ಮ ಕಳಿಸಿದ್ದು ಎಲ್ಲಾ ಅದಕ್ಕೇ ಬಿದ್ದರೆ ಯಾವುದು ವ್ಯಾಪಾರ ಅಂತ ಆಮೇಲೆ ಯಾರು ಬಿಡಿಸುತ್ತಾರೆ? ಅಂಗಡಿಗೆ ಬೇರೆ ಖಾತೆ, ಬೇರೆ ಕ್ಯೂಆರ್. ಇದರಲ್ಲಿ ರಾಜಿ ಬೇಡ.

ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಂ ಪ್ರಕಾರ 2 ಕೋಟಿವರೆಗಿನ ವಹಿವಾಟಿಗೆ ಲೆಕ್ಕಪುಸ್ತಕವಿಲ್ಲದೆ ಲಾಭ ತೋರಿಸಬಹುದು. ನಗದು ಶೇ 5 ಮೀರದಿದ್ದರೆ 3 ಕೋಟಿವರೆಗೆ. ನಗದು ವಹಿವಾಟಿನ ಶೇ 8, ಬ್ಯಾಂಕು, ಯುಪಿಐನಿಂದ ಬಂದದ್ದರ ಶೇ 6 ಲಾಭ ಎಂದು ಲೆಕ್ಕ. ಅಂದರೆ ನಗದು 10 ಲಕ್ಷ, ಯುಪಿಐ 20 ಲಕ್ಷ ಇದ್ದರೆ 80 ಸಾವಿರ, 1.20 ಲಕ್ಷ ಸೇರಿ 2 ಲಕ್ಷ. ಇದು ಕನಿಷ್ಠ, ನಿಜವಾದ ಲಾಭ ಜಾಸ್ತಿ ಇದ್ದರೆ ಜಾಸ್ತಿಯೇ ಬರೆಯಬೇಕು. ವಿಮೆ ಏಜೆಂಟರು, ಕಮಿಷನ್ ಮೇಲೆ ದುಡಿಯುವವರು ಇದನ್ನು ಬಳಸುವ ಹಾಗಿಲ್ಲ, ಆದರೂ ಬಳಸುತ್ತಲೇ ಇರುತ್ತಾರೆ. ಊಟದ ಆ್ಯಪ್‌ಗೆ ಸೇರಿದ ಹೋಟೆಲಿನವರು ಕಮಿಷನ್ ಕಳೆದು ಖಾತೆಗೆ ಬಂದದ್ದನ್ನೇ ವಹಿವಾಟು ಎನ್ನುತ್ತಾರೆ. ಬಿಲ್ಲಿನ ಪೂರ್ತಿ ಮೊತ್ತ ವಹಿವಾಟು, ಕಮಿಷನ್ ಖರ್ಚು. ಜಿಎಸ್‌ಟಿಯಲ್ಲಿ ತೋರಿಸಿದ ವಹಿವಾಟೂ ಎಐಎಸ್‌ಗೆ ಬರುತ್ತದೆ, ಎರಡೂ ಕಡೆ ಬೇರೆ ಬೇರೆ ಅಂಕಿ ಇದ್ದರೆ ಪ್ರಶ್ನೆ ಖಂಡಿತ.

6. ವಿನಾಯಿತಿ ಕೇಳುವಾಗ

ಹಳೆ ಪದ್ಧತಿ ಆರಿಸಿದವರಿಗೆ ಮಾತ್ರ ಇದು. ಬೆಂಗಳೂರಿನಲ್ಲಿ ಬಾಡಿಗೆ ಎಷ್ಟೇ ಇರಲಿ, 1961ರ ಕಾಯ್ದೆಯ ನಿಯಮದಲ್ಲಿ ಎಚ್‌ಆರ್‌ಎಗೆ (ಮನೆ ಬಾಡಿಗೆ ಭತ್ಯೆ) ಸಂಬಳದ ಶೇ 50ರ ಮಿತಿ ಸಿಗುವುದು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಷ್ಟೇ. ನಮಗೆ ಶೇ 40.

‘ರಿಫಂಡ್ ಕೊಡಿಸ್ತೀವಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ’ ಎನ್ನುವ ಏಜೆಂಟರ ಹತ್ತಿರ ಹೋಗಲೇಬೇಡಿ. ರಾಜಕೀಯ ಪಕ್ಷಕ್ಕೆ ದೇಣಿಗೆ, ಇಲ್ಲದ ವಿಮೆ, ಇಲ್ಲದ ಬಾಡಿಗೆ ಬರೆದು ರಿಫಂಡ್ ತರಿಸುತ್ತಾರೆ. 2025ರ ಜುಲೈ 14ರಂದು ಇಲಾಖೆ ದೇಶದ 150 ಕಡೆ ಇಂಥವರನ್ನೇ ಹುಡುಕಿಕೊಂಡು ಹೋಯಿತು. ಸಿಕ್ಕಿಬಿದ್ದರೆ ತೆರಿಗೆಯ ಶೇ 200 ದಂಡ ಬೀಳಬಹುದು, ಅದು ಏಜೆಂಟನಿಗಲ್ಲ, ನಿಮಗೆ. ಬರೀ ಸಂಬಳ ಇರುವವರಿಗೆ ದುಡ್ಡು ಕೊಟ್ಟು ಕೊಳ್ಳುವ ಆ್ಯಪ್ ಕೂಡ ಬೇಕಿಲ್ಲ, ಸರ್ಕಾರಿ ಪೋರ್ಟಲ್ ಧಾರಾಳ ಸಾಕು.

7. ಬಾಕಿ ಕಟ್ಟಿ, ಸಲ್ಲಿಸಿ, ವೆರಿಫೈ ಮಾಡಿ

ಚಲನ್‌ನಲ್ಲಿ ಅಸೆಸ್‌ಮೆಂಟ್ ವರ್ಷ 2026–27 ಎಂದೇ ಇರಲಿ, 2025–26 ಅಲ್ಲ. ರಿಟರ್ನ್ ಹಾಕುವ ಮುಂಚೆ ಕಟ್ಟುವ ಬಾಕಿ ಸೆಲ್ಫ್ ಅಸೆಸ್‌ಮೆಂಟ್, ಅಂದರೆ ಚಲನ್‌ನಲ್ಲಿ 300 ಎಂಬ ಕೋಡ್. ಅಡ್ವಾನ್ಸ್ ಟ್ಯಾಕ್ಸ್‌ನ 100 ಒತ್ತಬೇಡಿ.

ಗಡುವು ಮುಂದೆ ಹೋಗುತ್ತದೆ ಎಂದು ಕಾಯಬೇಡಿ. 2025ರಲ್ಲಿ ಜುಲೈ 31 ಸೆಪ್ಟೆಂಬರ್ 15 ಆಯಿತು, ಆಮೇಲೆ ಒಂದೇ ಒಂದು ದಿನ ಹೆಚ್ಚು ಸಿಕ್ಕಿತು. ಪ್ರತಿ ವರ್ಷ ಹಾಗಾಗುವುದಿಲ್ಲ. ತಡವಾದರೆ 5,000 ಶುಲ್ಕ, ಆದಾಯ 5 ಲಕ್ಷದೊಳಗಿದ್ದರೆ 1,000. ಬಾಕಿಗೆ ತಿಂಗಳಿಗೆ ಶೇ 1 ಬಡ್ಡಿ. ಹಳೆ ಪದ್ಧತಿ ಆರಿಸುವ ಅವಕಾಶವೂ ಹೋಗುತ್ತದೆ.

ಸಲ್ಲಿಸಿದ ಮೇಲೆ 30 ದಿನದಲ್ಲಿ ವೆರಿಫೈ ಮಾಡದಿದ್ದರೆ, ಆಮೇಲೆ ವೆರಿಫೈ ಮಾಡಿದ ದಿನವೇ ರಿಟರ್ನ್ ಸಲ್ಲಿಸಿದ ದಿನ ಎಂದಾಗುತ್ತದೆ. ಆಧಾರ್ ಒಟಿಪಿ ಸುಲಭ. ಆಧಾರ್‌ನಲ್ಲಿರುವ ಹಳೆಯ ಸಿಮ್ ಕಳೆದುಹೋಗಿದ್ದರೆ ನೆಟ್‌ಬ್ಯಾಂಕಿಂಗ್‌ನಿಂದ ಮಾಡಿ. ಅದೂ ಇಲ್ಲದಿದ್ದರೆ ಐಟಿಆರ್–ವಿ (ಸಲ್ಲಿಸಿದ ರಿಟರ್ನ್‌ನ ವೆರಿಫಿಕೇಷನ್ ಫಾರಂ) ಪ್ರಿಂಟ್ ತೆಗೆದು ಸಹಿ ಹಾಕಿ ಸ್ಪೀಡ್ ಪೋಸ್ಟ್‌ನಲ್ಲಿ ಸಿಪಿಸಿ, ಬೆಂಗಳೂರು 560500 ವಿಳಾಸಕ್ಕೆ ಕಳಿಸಿ. ಆಮೇಲೆ ರಿಟರ್ನ್ ಪರಿಶೀಲಿಸಿ ಇಲಾಖೆ ಕಳಿಸುವ 143(1) ಪತ್ರ ಮೇಲ್‌ಗೆ ಬರುತ್ತದೆ. ಅದರಲ್ಲಿ ಎರಡು ಕಾಲಂ: ನೀವು ಹೇಳಿದ್ದು, ಇಲಾಖೆ ಲೆಕ್ಕ ಹಾಕಿದ್ದು. ಎರಡೂ ಒಂದೇ ಇದ್ದರೆ ಫೈಲ್‌ಗೆ ಸೇರಿಸಿ. ಬೇರೆ ಇದ್ದರೆ ಯಾವ ಸಾಲಿನಲ್ಲಿ ವ್ಯತ್ಯಾಸ ಎಂದು ಹುಡುಕಿ, ನಿಮ್ಮ ನೋಟ್‌ಬುಕ್ಕಿನ ಅಂಕಿಯ ಜೊತೆ ಹೋಲಿಸಿ ನೋಡಿದ ಮೇಲೆಯೇ ಒಪ್ಪಿಗೆ ಅಥವಾ ಆಕ್ಷೇಪ ಹಾಕಿ. ರಿಟರ್ನ್ ‘ಡಿಫೆಕ್ಟಿವ್’ ಎಂದು ಬಂದರೆ ಸರಿಪಡಿಸಲು ಸಿಗುವುದು 15 ದಿನ.