ಹಾಲಿನ ವ್ಯಾನಿನ ಪಕ್ಕದಲ್ಲೇ ಕಾಂತ ಬಿರುಗಾಳಿ ಹಿಡಿದೆ

ಒಂದು ಫ್ಲಕ್ಸ್‌ಗೇಟ್ ಸೆನ್ಸರ್ (ಕಾಂತಕ್ಷೇತ್ರ ಅಳೆಯುವ ಸಾಧನ) ಸಾಕು, ಎರಡನೆಯದು ದುಡ್ಡು ದಂಡ ಅಂತ ಗೆಳೆಯರೆಲ್ಲ ಹೇಳಿದ್ದರು. "ಒಂದರಲ್ಲಿ ಇನ್ನೊಂದು ಕಳೆದರೆ ಭೂಮಿಯ ಸಿಗ್ನಲ್ಲೂ ಹೋಗುತ್ತಲ್ಲ ಗುರು" ಅಂತ ನಗು ಬೇರೆ. ಸೂರ್ಯನಿಂದೆದ್ದ ಕಾಂತ ಬಿರುಗಾಳಿ ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸಿದ 2024ರ ಮೇ 10ರ ರಾತ್ರಿ ಕಳೆದ ಮೇಲೆ ಆ ನಗು ನಿಂತಿದೆ.

ಐಡಿಯಾ ಇಸ್ರೋದ ಸೂರ್ಯ ನೌಕೆ ಆದಿತ್ಯ ಎಲ್1ನದು. ಅದರಲ್ಲಿ 6 ಮೀಟರ್ ತೋಳಿನ ತುದಿಗೆ ಒಂದು ಮ್ಯಾಗ್ನೆಟೋಮೀಟರ್, ನಡುವೆ 3 ಮೀಟರಿಗೆ ಇನ್ನೊಂದು. ನೌಕೆಯದೇ ಕಾಂತಕ್ಷೇತ್ರ ಹತ್ತಿರದ್ದಕ್ಕೆ ಜಾಸ್ತಿ ಕಾಣುತ್ತದೆ, ಹೊರಗಿನದು ಎರಡಕ್ಕೂ ಒಂದೇ. ತಿಪಟೂರಿನ ಹತ್ತಿರದ ನಮ್ಮ ತೋಟದಲ್ಲಿ ನೌಕೆಯ ಪಾತ್ರ ಹಾಲಿನ ವ್ಯಾನಿನದು. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಒಂದೇ ಜಾಗದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ.

ಮೊದಲ ಸೆನ್ಸರ್ ಅಟ್ಟದ ಮೇಲಿಟ್ಟೆ. ಮಧ್ಯಾಹ್ನ ಚೆಂದದ ಗುಡ್ಡ ಬಂತು. ಅಯಾನುಗೋಳದ (ವಾತಾವರಣದ ಮೇಲಿನ ಪದರ) ಕರೆಂಟು ಸಿಕ್ಕಿಬಿಟ್ಟಿತು ಅಂತ ಕುಣಿದೆ. ಆದರೆ ಗುಡ್ಡದ ನೆತ್ತಿ ಮೂರು ಗಂಟೆಗೆ! ನಿಜವಾದದ್ದು ಹನ್ನೊಂದರ ಆಸುಪಾಸಿಗೆ ಬರಬೇಕು ಅಲ್ವಾ? ನಾನು ಅಳೆದದ್ದು ಹಂಚಿನ ಕಾವು. ಪಿವಿಸಿ ಪೈಪಿನಲ್ಲಿ ಹಾಕಿ ಮೂರಡಿ ಹೂತೆ. ಮಳೆಗೆ ಮುಚ್ಚಳ ಸೋರಿ ಸುಮಾರು ಆರು ಸಾವಿರ ನೀರುಪಾಲು. ಮತ್ತೆ ಎರಡು ತರಿಸಿದೆ, ಕಸ್ಟಮ್ಸ್ ಸೇರಿ ಹದಿನಾಲ್ಕು ಸಾವಿರದ ಹತ್ತಿರ. ಮನೆಯಲ್ಲಿ ಒಂಬತ್ತು ಅಂತ ಹೇಳಿದ್ದೇನೆ.

ಗೇಟಿನಿಂದ 15 ಮೀಟರಿಗೆ ಒಂದು, 30ಕ್ಕೆ ಇನ್ನೊಂದು ಹೂತೆ. ದೂರ ಎರಡರಷ್ಟಾದರೆ ವ್ಯಾನಿನ ಪ್ರಭಾವ ಎಂಟರಲ್ಲೊಂದು ಆಗಬೇಕು. ಆಗಲಿಲ್ಲ. ಸುಮ್ನೆ ಕಳೆದರೆ ಗೆಳೆಯರು ಹೇಳಿದ ಹಾಗೆ ಭೂಮಿಯ ಸಿಗ್ನಲ್ ಸೊನ್ನೆ. ಎರಡರ ವ್ಯತ್ಯಾಸದಲ್ಲಿ ಉಳಿಯುವುದು ವ್ಯಾನು ಮಾತ್ರ. ಅದನ್ನು ಒಂದು ಗುಣಕದಿಂದ ಗುಣಿಸಿ, ದೂರದ ಸೆನ್ಸರಿನಿಂದ ಕಳೆಯಬೇಕು. ಗುಣಕ ಹೇಗೆ ಹಿಡಿದೆ ಅನ್ನುವುದು ನನ್ನಲ್ಲೇ ಇರಲಿ.

ನಡುವೆ ಸೂರ್ಯನಿಂದ ಬರುವ ಶಕ್ತಿಯುತ ಕಣ ಎಣಿಸುವ ಆಸೆಯೂ ಬಂತು. ನೌಕೆಯಲ್ಲೂ ಸಿಲಿಕಾನ್ ಡಿಟೆಕ್ಟರೇ ತಾನೇ ಅಂತ ನಾಲ್ಕು ಫೋಟೋಡಯೋಡ್ ಬಿಸ್ಕೆಟ್ ಡಬ್ಬದೊಳಗೆ ಕೂರಿಸಿದೆ. ಅದು ಎಣಿಸಿದ್ದು ಅಡುಗೆಮನೆಯ ಮಿಕ್ಸಿಯನ್ನು. ಮೇಜು ತಟ್ಟಿದರೂ ಒಂದು ಕಣ!

ಭೂಮಿಯ ಕಾಂತಕ್ಷೇತ್ರ ಅಳೆಯುವ ಅಲಿಬಾಗ್ ವೀಕ್ಷಣಾಲಯದ ಕಥೆ ಗೊತ್ತಲ್ಲ? ಮುಂಬೈಗೆ ಕರೆಂಟಿನ ಟ್ರಾಮ್ ಬರುತ್ತದೆ, ಅಳತೆ ಕೆಡುತ್ತದೆ ಅಂತ ಅಲ್ಲಿನ ಕೊಲಾಬಾದಿಂದ ಅಲಿಬಾಗಿಗೆ ಹೋದರು. ನಾನು ತೋಟ ಬಿಟ್ಟು ಎಲ್ಲಿಗೆ ಹೋಗಲಿ?

ಮೇ 10ರ ರಾತ್ರಿ ಹತ್ತೂವರೆ ದಾಟಿತ್ತು. ಗೆರೆ ಗಕ್ಕನೆ ಮೇಲೆ ಹಾರಿತು. 15 ಲಕ್ಷ ಕಿ.ಮೀ. ಆಚೆಯ ನೌಕೆಗಳಿಗೆ ಆ ಸೌರಮಾರುತ ಅರ್ಧ ಗಂಟೆ ಮೊದಲೇ ತಾಕಿತ್ತು. ಆಮೇಲೆ ಇಳಿಯಿತು ನೋಡಿ, ಬೆಳಗಿನ ಹೊತ್ತಿಗೆ 300 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಅಳತೆ) ದಾಟಿ ಕೆಳಗೆ. ಆರೂವರೆಗೆ ವ್ಯಾನು ಬಂತು. ಹತ್ತಿರದ ಸೆನ್ಸರಿನಲ್ಲಿ ಹದಿನೈದು ನ್ಯಾನೋಟೆಸ್ಲಾದಷ್ಟು ತಗ್ಗು. ತೊಳೆದ ಗೆರೆಯಲ್ಲಿ ಅದರ ಸುಳಿವೇ ಇಲ್ಲ.

ಜಾಸ್ತಿ ನಕ್ಕವನೇ ಮೊದಲು ಕೋಡ್ ಕೇಳಿದ. ಕೊಟ್ಟಿದ್ದೇನೆ, ಗುಣಕದ ಜಾಗ ಖಾಲಿ ಬಿಟ್ಟು.