ವೈನ್ ಕೂಲರ್ ಮನೆಗೆ ಬಂದ ಮೇಲೆ

ಕೂಲರ್ ಬಂದ ದಿನವೇ ಬಾಟಲಿ ತುಂಬುವ ಆತುರ ಬೇಡ. ಗಾಡಿಯಲ್ಲಿ ಅಡ್ಡ ಮಲಗಿಸಿ ತಂದಿದ್ದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿದಿರುತ್ತದೆ. ನೆಟ್ಟಗೆ ನಿಲ್ಲಿಸಿ ಒಂದು ದಿನ ಬಿಟ್ಟು ಪ್ಲಗ್ ಹಾಕಿ, ಇನ್ನೊಂದು ದಿನ ಖಾಲಿಯಾಗಿಯೇ ಓಡಲಿ. ಬಾಟಲಿಗಳನ್ನೂ ಎರಡು ಮೂರು ಕಂತಿನಲ್ಲಿ ಸೇರಿಸಿ. ಕೋಣೆಯ ಬಿಸಿಯಲ್ಲಿದ್ದ ಮೂವತ್ತು ಬಾಟಲಿಗಳನ್ನು ಒಮ್ಮೆಲೇ ಒಳಗಿಟ್ಟರೆ ಯಂತ್ರಕ್ಕೆ ಗಂಟೆಗಟ್ಟಲೆ ಬಿಡುವಿಲ್ಲ, ಮೊದಲೇ ತಣ್ಣಗಿದ್ದವೂ ಬೆಚ್ಚಗಾಗುತ್ತವೆ.

ಇಡುವ ಜಾಗ ಒಲೆಯಿಂದ, ಬಿಸಿಲು ಬೀಳುವ ಕಿಟಕಿಯಿಂದ ದೂರವಿರಲಿ. ಕೊಳ್ಳುವ ಮೊದಲೇ ಬಿಸಿಗಾಳಿ ಎಲ್ಲಿಂದ ಹೊರಬರುತ್ತದೆ ಎಂದು ನೋಡಿಕೊಳ್ಳಿ. ಕಪಾಟಿನೊಳಗೆ ಕೂರಿಸಲೆಂದೇ ಮಾಡಿದ ಕೂಲರಿಗೆ ಮುಂಭಾಗದ ಅಡಿಯಲ್ಲಿ ಜಾಲರಿ ಇರುತ್ತದೆ. ಹಿಂದಿನಿಂದ ಗಾಳಿ ಬಿಡುವ ಮಾದರಿಯನ್ನು ಅಂದಕ್ಕೆಂದು ಕಪಾಟಿಗೆ ತುರುಕಿದರೆ ಅದು ಬಿಟ್ಟ ಬಿಸಿಯನ್ನೇ ಮತ್ತೆ ಎಳೆದುಕೊಂಡು ಬೇಗ ಕೆಡುತ್ತದೆ. ಗೋಡೆಗೂ ಅದಕ್ಕೂ ನಡುವೆ ಎಷ್ಟು ಜಾಗ ಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತದೆ. ಬರೆದಿಲ್ಲದಿದ್ದರೆ ಹತ್ತು ಸೆಂಟಿಮೀಟರ್ ಬಿಡಿ.

ಕಂಪ್ರೆಸರ್ ಇಲ್ಲದೆ ತಣ್ಣಗೆ ಮಾಡುವ ಥರ್ಮೋಎಲೆಕ್ಟ್ರಿಕ್ ಮಾದರಿಗೆ ಫ್ಯಾನಿನದು ಬಿಟ್ಟರೆ ಸದ್ದಿಲ್ಲ, ಅದುರುವಿಕೆಯೂ ಇಲ್ಲವೆನ್ನುವಷ್ಟು ಕಡಿಮೆ ಎನ್ನುವುದು ನಿಜ. ಆದರೆ ಅದು ಹೊರಗಿನ ಉಷ್ಣತೆಗಿಂತ ಸುಮಾರು 10ರಿಂದ 15 ಡಿಗ್ರಿಯಷ್ಟೇ ಕೆಳಗಿಳಿಸಬಲ್ಲದು. ಕೋಣೆ 35 ಡಿಗ್ರಿ ಇದ್ದಾಗ ನೀವು 12ಕ್ಕೆ ಒತ್ತಿಟ್ಟರೂ ಒಳಗೆ 20ಕ್ಕಿಂತ ಕೆಳಗಿಳಿಯುವುದು ಕಷ್ಟ, ಫ್ಯಾನ್ ಮಾತ್ರ ಹಗಲೂ ರಾತ್ರಿ ತಿರುಗುತ್ತಿರುತ್ತದೆ. ಬೇಸಿಗೆ ಬಲವಾಗಿರುವ ಕಡೆ ಕಂಪ್ರೆಸರ್ ಮಾದರಿಯೇ ಸರಿ.

ಇನ್ನು ಉಷ್ಣತೆ. ಕೆಂಪಾಗಲಿ ಬಿಳಿಯಾಗಲಿ, ಬಹುಕಾಲ ಇಡುವುದಾದರೆ 12–13 ಡಿಗ್ರಿ. ಕೆಂಪು ವೈನಿಗೊಂದು, ಬಿಳಿಗೊಂದು ಎಂಬ ಲೆಕ್ಕ ಬಡಿಸುವ ಹೊತ್ತಿನದು, ಇಡುವ ಹೊತ್ತಿನದಲ್ಲ. ಅಂಕಿಗಿಂತ ಮುಖ್ಯವಾದದ್ದು ಅದು ಅಲುಗದೆ ನಿಲ್ಲುವುದು. ಇವತ್ತು 10, ನಾಳೆ 18 ಎಂದು ಏರಿಳಿಯುವುದಕ್ಕಿಂತ ವರ್ಷವಿಡೀ 15ರಲ್ಲಿರುವುದು ಎಷ್ಟೋ ವಾಸಿ. ಬಿಸಿಯಾದಾಗ ವೈನ್ ಹಿಗ್ಗಿ ಕಾರ್ಕನ್ನು ಒತ್ತುತ್ತದೆ, ತಣ್ಣಗಾದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಕಾರ್ಕ್ ತುಸು ಮೇಲೆದ್ದಿದ್ದರೆ, ಕತ್ತಿನ ಸುತ್ತ ಅಂಟು ಅಂಟಾಗಿದ್ದರೆ ಆ ಬಾಟಲಿ ಎಲ್ಲೋ ಬಿಸಿ ಉಂಡಿರುವ ಸಾಧ್ಯತೆ ಹೆಚ್ಚು. ಅದನ್ನು ಕಾಯಿಸಬೇಡಿ, ಮೊದಲು ತೆರೆಯಿರಿ.

ಬಾಗಿಲ ಮೇಲಿನ ಅಂಕಿಯನ್ನು ಪೂರ್ತಿ ನಂಬಲಾಗದು, ಅದು ತೋರಿಸುವುದು ಗಾಳಿಯ ಉಷ್ಣತೆಯನ್ನು. ಖಾಲಿ ವೈನ್ ಬಾಟಲಿಗೆ ನೀರು ತುಂಬಿ ನಡುವಿನ ತಟ್ಟೆಯಲ್ಲಿಡಿ. ಒಂದು ದಿನ ಬಿಟ್ಟು ಹೊರತೆಗೆದ ಕೂಡಲೇ ಉದ್ದ ಕಡ್ಡಿಯ ಅಡುಗೆ ಥರ್ಮಾಮೀಟರ್ ಇಳಿಸಿ ನೋಡಿ. ಮೇಲಿನ ತಟ್ಟೆಯಲ್ಲೊಮ್ಮೆ, ಕೆಳಗಿನದರಲ್ಲೊಮ್ಮೆ ಹೀಗೇ ಮಾಡಿ. ಎರಡು ಮೂರು ಡಿಗ್ರಿ ವ್ಯತ್ಯಾಸ ಸಿಕ್ಕರೆ ಅದು ದೋಷವಲ್ಲ. ಹೆಚ್ಚು ತಣ್ಣಗಿರುವ ತಟ್ಟೆ ಬಿಳಿ ವೈನಿಗೆ, ಬೆಚ್ಚಗಿರುವುದು ಕೆಂಪಿಗೆ. ಕಂಪ್ರೆಸರ್ ನಿಂತು ಶುರುವಾಗುವಾಗ ಅಂಕಿ ಒಂದೆರಡು ಡಿಗ್ರಿ ಆಡುತ್ತದೆ. ಬಾಟಲಿಯೊಳಗಿನ ವೈನಿಗೆ ಅದು ತಾಗುವುದೇ ಇಲ್ಲ ಎನ್ನಬಹುದು, ಆದ್ದರಿಂದ ಪದೇ ಪದೇ ಗುಂಡಿ ಒತ್ತಬೇಡಿ.

ಕಾರ್ಕ್ ಹಾಕಿದ್ದನ್ನು ಮಲಗಿಸಿಡಿ, ವೈನ್ ತಾಗುತ್ತಿದ್ದರೆ ಕಾರ್ಕ್ ಒಣಗಿ ಕುಗ್ಗುವುದಿಲ್ಲ. ತಿರುಪಿನ ಮುಚ್ಚಳದ್ದು ಹೇಗಿದ್ದರೂ ಸರಿ. ಲೇಬಲ್ ಮೇಲ್ಮುಖವಾಗಿರಲಿ, ಹುಡುಕುವಾಗ ಎಲ್ಲವನ್ನೂ ಎಳೆದು ಅಲುಗಾಡಿಸುವುದು ತಪ್ಪುತ್ತದೆ, ಹಳೆಯ ಕೆಂಪು ವೈನಿನ ಗಸಿ ಯಾವ ಬದಿಗೆ ಕೂತಿದೆ ಎಂಬುದೂ ತಿಳಿಯುತ್ತದೆ. ಅಂಥದ್ದನ್ನು ತೆರೆಯುವ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿದರೆ ಗಸಿ ತಳಕ್ಕಿಳಿಯುತ್ತದೆ. ಅಂದಹಾಗೆ, ಕಂಪನಿಯವರು ಹೇಳುವ ಬಾಟಲಿಗಳ ಲೆಕ್ಕ ಸಪೂರವಾದ 750 ಮಿಲಿಲೀಟರ್ ಬೋರ್ಡೊ ಬಾಟಲಿಯದು. ಬರ್ಗಂಡಿ, ಶಾಂಪೇನ್ ಬಾಟಲಿಗಳ ಹೊಟ್ಟೆ ದಪ್ಪ. ಅವನ್ನೂ ಇಡುವವರು ಬೇಕಾದ್ದಕ್ಕಿಂತ ಒಂದು ಅಳತೆ ದೊಡ್ಡದನ್ನೇ ಕೊಳ್ಳಿ.

ತೇವಾಂಶ ಶೇಕಡಾ 50ರಿಂದ 70ರೊಳಗಿರಲಿ. ತೀರಾ ಕಡಿಮೆಯಾದರೆ ಕೆಳಗಿನ ತಟ್ಟೆಯಲ್ಲಿ ಒಂದು ಬಟ್ಟಲು ನೀರಿಡಿ. ಹೆಚ್ಚಾದರೆ ಲೇಬಲ್ಲಿಗೆ ಬೂಷ್ಟು ಹಿಡಿಯುತ್ತದೆ, ವೈನಿಗೇನೂ ಆಗದು. ಒಳಗಿನ ದೀಪ ಸದಾ ಆರಿಯೇ ಇರಲಿ. ಬಣ್ಣವಿಲ್ಲದ ಗಾಜಿನ ಬಾಟಲಿಗೆ ಬೆಳಕು ಬೇಗ ತಾಗುವುದರಿಂದ ಅವನ್ನು ಗಾಜಿನ ಬಾಗಿಲಿನಿಂದ ಹಿಂದಕ್ಕೆ ಸರಿಸಿಡಿ.

ಹಾಲು, ಮಾಂಸ, ಮಿಕ್ಕ ಅಡುಗೆ ಇದರೊಳಗೆ ಬೇಡವೇ ಬೇಡ. 12 ಡಿಗ್ರಿಯಲ್ಲಿ ಅವು ಹಳಸುತ್ತವೆ, ವಾಸನೆ ಬೇರೆ.

ಬಾಗಿಲಿನ ರಬ್ಬರ್ ಪಟ್ಟಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ಸೋರುತ್ತಿದೆ. ಪಟ್ಟಿಯನ್ನು ಬೆಚ್ಚನೆ ನೀರಿನಲ್ಲಿ ಒರೆಸಿ, ಆಗಲೂ ಹಿಡಿಯದಿದ್ದರೆ ಬದಲಾಯಿಸಿ. ಹಿಂದಿನ ಜಾಲರಿಯ ಧೂಳನ್ನು ಆರು ತಿಂಗಳಿಗೊಮ್ಮೆ ಪ್ಲಗ್ ತೆಗೆದು ಮೆತ್ತನೆ ಬ್ರಷ್‌ನಿಂದ ಗುಡಿಸಿ. ತಳದಲ್ಲಿ ನೀರು ನಿಲ್ಲುತ್ತಿದ್ದರೆ ಬಹುಪಾಲು ನೀರು ಹೋಗುವ ತೂತು ಕಟ್ಟಿಕೊಂಡಿರುತ್ತದೆ.

ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರಾಯಿತು, ತುಂಬಿದ ಕೂಲರ್ ಗಂಟೆಗಳ ಕಾಲ ತಣ್ಣಗಿರುತ್ತದೆ. ಕರೆಂಟ್ ಬಂದ ಮೇಲೆ ಅಂಕಿ ನೋಡುವುದನ್ನು ಮರೆಯಬೇಡಿ, ಕೆಲವು ಮಾದರಿಗಳು ನೀವಿಟ್ಟ ಸೆಟ್ಟಿಂಗ್ ಮರೆತು ಕಾರ್ಖಾನೆಯದಕ್ಕೇ ಹೋಗಿರುತ್ತವೆ.

ಬಡಿಸುವ ದಿನ ಬಿಳಿ ವೈನನ್ನು 8–12 ಡಿಗ್ರಿಗೆ ಇಳಿಸಲು ಅರ್ಧ ಗಂಟೆ ಮಾಮೂಲಿ ಫ್ರಿಜ್ಜಿನಲ್ಲಿಡಿ. ಕೆಂಪನ್ನು ಅರ್ಧ ಗಂಟೆ ಮುಂಚೆ ಹೊರತೆಗೆಯಿರಿ, 16ರ ಆಸುಪಾಸಿಗೆ ಬರುತ್ತದೆ. ತೆರೆದು ಮಿಕ್ಕಿದ್ದು ಕೂಲರಿಗೆ ವಾಪಸ್ ಹೋಗಬಾರದು. ಬಿಗಿಯಾಗಿ ಮುಚ್ಚಿ, ನೆಟ್ಟಗೆ ನಿಲ್ಲಿಸಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ. ನೊರೆಯೇಳುವ ವೈನ್ ಒಂದೆರಡು ದಿನ ಬಂದೀತು, ಅದೂ ಕತ್ತನ್ನು ಕಚ್ಚಿ ಹಿಡಿಯುವ ಸ್ಟಾಪರ್ ಹಾಕಿದರೆ. ಬಾಯಿಗೆ ಚಮಚ ಸಿಕ್ಕಿಸಿಟ್ಟರೆ ಗ್ಯಾಸ್ ಹೋಗುವುದಿಲ್ಲ ಎನ್ನುವುದು ಬರೀ ಬಾಯಿಮಾತು.