ಮೂರು ಸಾಲಿನಲ್ಲಿ ಅಂಜಿಕೆ

ಗುಳೇದಗುಡ್ಡದಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ಕಿರುಪರೀಕ್ಷೆಯ ಪೇಪರ್ ಹಂಚಿದ ದಿನ ಕೆಲವು ಮಕ್ಕಳು ಅಂಕ ಕಾಣದ ಹಾಗೆ ಮೂಲೆ ಮಡಚಿಕೊಂಡೇ ಜಾಗಕ್ಕೆ ಹೋಗುತ್ತಾರೆ. ಆ ಅಂಜಿಕೆಯ ಮೇಲೆ ಮಕ್ಕಳಿಂದ ನಾನು ಪದ, ಅಂದರೆ ಮೂರು ಸಾಲಿನ ಪುಟ್ಟ ಹಾಡು, ಬರೆಸುವುದು ಅಂಥ ದಿನವೇ.

"ಕವಿತೆ ಬರೀರಿ" ಅನ್ನಬೇಡಿ. ಅದೂ ಇನ್ನೊಂದು ಪರೀಕ್ಷೆಯಾಗುತ್ತದೆ. "ಪೇಪರ್ ಕೈಗೆ ಬಂದಾಗ ಮೈಯಾಗ ಏನಾಗತೈತಿ?" ಅಂತ ಕೇಳಿ. ಹೊಟ್ಟಿ ಕಲಸತೈತಿ, ಕಿವಿ ಬಿಸಿ ಆಗತಾವ, ನೀರಡಿಕಿ ಆಗತೈತಿ. ಹೇಳಿದ್ದನ್ನು ಹೇಳಿದ ಹಾಗೇ ಬೋರ್ಡಿನ ಮೇಲೆ ಬರೆಯಿರಿ. ಕೆಂಪು ಪೆನ್ನು ಅವತ್ತು ಒಳಗಿರಲಿ.

ಆಮೇಲೆ ಮೂರೇ ಸಾಲು. ತ್ರಿಪದಿ ನಮ್ಮ ಮಣ್ಣಿನದು: ಅಜ್ಜಿಯರ ಬೀಸುವ ಪದಗಳಲ್ಲಿದೆ, ಬಾದಾಮಿ ಕೆರೆಯ ಹತ್ತಿರದ ಬಂಡೆಯಲ್ಲಿ ಕ್ರಿ.ಶ. 700ರ ಸುಮಾರಿಗೆ ಕೊರೆದ ಕಪ್ಪೆ ಅರಭಟ್ಟನ ಶಾಸನದಲ್ಲೂ ಇದೆ. ಗಣದ ಲೆಕ್ಕ ಮಕ್ಕಳಿಗೆ ಬೇಡ. ಮೊದಲ ಸಾಲಿಗೆ ಮೈಯಲ್ಲಿ ಆದದ್ದು, ಎರಡನೆಯದಕ್ಕೆ ಯಾರ ಮುಂದೆ ಅಂಜಿಕೆ ಎಂಬುದು. ಮೂರನೆಯದರಲ್ಲಿ ಅಂಜಿಕೆಯನ್ನೇ ಕರೆದು ಮಾತಾಡಿಸಲಿ. ನಿಮ್ಮದನ್ನು ಮೊದಲು ಓದಿ. ಪಿಯುಸಿಯಲ್ಲಿ ಇಂಗ್ಲಿಷ್ ಫೇಲಾಗಿ, ಕತ್ತಲಾಗುವ ತನಕ ಮನೆಗೆ ಹೋಗದೆ ಕೂತದ್ದನ್ನು ನಾನು ಬರೆದೆ. ಮಕ್ಕಳು ಸುಮ್ಮನೆ ಕೇಳಿದರು, ಆಮೇಲೆ ಪೆನ್ಸಿಲ್ ತೆಗೆದರು.

ಹೆಸರು ಬರೆಸಬೇಡಿ. ಮೊದಲ ವರ್ಷ ಒಬ್ಬ ಹುಡುಗನ ಪದವನ್ನು ಹೆಸರು ಹೇಳಿ ಓದಿಬಿಟ್ಟೆ. ವಾರಗಟ್ಟಲೆ ಅವನು ನನ್ನ ಮುಖ ನೋಡಲಿಲ್ಲ. ಈಗ ಚೀಟಿಗಳನ್ನು ಡಬ್ಬಿಗೆ ಹಾಕಿಸಿ, ಮೊದಲು ನಾನೊಬ್ಬಳೇ ಓದುತ್ತೇನೆ. ಹೊಡೆತದ ಮಾತೋ, ಸಾಯುವ ಮಾತೋ ಕಂಡರೆ ಆ ಚೀಟಿ ತರಗತಿಗೆ ಬರುವುದಿಲ್ಲ. ಅಕ್ಷರದ ಗುರುತು ಹಿಡಿದು ಆ ಮಗುವನ್ನು ಅವತ್ತೇ ಮಾತಾಡಿಸಬೇಕು, ಅಗತ್ಯವಿದ್ದರೆ 1098 ಮಕ್ಕಳ ಸಹಾಯವಾಣಿಗೆ ಫೋನ್ ಮಾಡಬೇಕು.

ಕಳೆದ ಸಲ ಬಂದ ಒಂದು ಪದ, ಮಗ್ಗದ ಮನೆಯ ಹುಡುಗಿಯದು:

ಭಾಗಾಕಾರ ಕಂಡರ ಬೆರಳು ತಣ್ಣಗಾಗತಾವ
ಅಪ್ಪನ ಮುಂದ ಪೇಪರ್ ಹಿಡಿಯಾಕ ಬಾಯಿ ಬರಂಗಿಲ್ಲ
ಅಂಜಿಕಿ, ಎಳಿ ಹರದ್ರ ನಮ್ಮವ್ವ ಬೈಯಂಗಿಲ್ಲ, ಗಂಟು ಹಾಕತಾಳ

ಪದ ಬರೆಸಿ ಅಲ್ಲಿಗೇ ಬಿಟ್ಟರೆ ಮುಂದಿನ ಪರೀಕ್ಷೆಗೆ ಅಂಜಿಕೆ ಮತ್ತೆ ಹಾಜರ್. ತಪ್ಪಿದ ಲೆಕ್ಕವನ್ನು ಅವತ್ತೇ ಎದುರಿಗಿಡಿ, ಒಂದೇ ಒಂದು ಲೆಕ್ಕ. 432ನ್ನು 4ರಿಂದ ಭಾಗಿಸಿ ಅವಳು 18 ಬರೆದಿದ್ದಳು. ಪಕ್ಕದಲ್ಲಿ ಕೂತು, "3ರಾಗ 4 ಎಷ್ಟ್ ಸಲ ಹೋಗತೈತವ್ವಾ?" ಎಂದೆ. "ಹೋಗಂಗೇ ಇಲ್ರೀ ಟೀಚರ್" ಅಂದಳು. ಆಮೇಲೆ ಸ್ವಲ್ಪ ಹೊತ್ತು ಪೇಪರ್ ನೋಡಿ, 1 ಮತ್ತು 8ರ ನಡುವೆ ತಾನಾಗಿಯೇ ಸಣ್ಣದೊಂದು ಸೊನ್ನೆ ತೂರಿಸಿದಳು.